ಕೊನೆ ಬೆಂಚಿನ ಹುಡುಗನನ್ನು ನೂರು ವರ್ಷದ ಹಿಂದೆಯೇ ನೋಡಿದ ಡಾಕ್ಟರ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಯಾವುದಾದರೂ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಸುಮ್ಮನೆ ಕೂತು ನೋಡಿ. ಕೊನೆ ಬೆಂಚಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಕಣ್ಣಿಗೆ ಬೀಳಬಹುದು. ಬೆಳಗಾವಿಗೆ ಹೋಗುವ ಬಸ್ಸುಗಳ ಟೈಮೆಲ್ಲ ಬಾಯಿಪಾಠ, ಆದರೆ ಪಕ್ಕದಲ್ಲಿ ಕೂತವನ ಜೊತೆ ಎರಡು ಮಾತಾಡೋಕೆ ಬರಲ್ಲ. ಶಾಲೆ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಕಬಡ್ಡಿಗೆ ಯಾರೂ ಕರೆಯಲ್ಲ. ಮಾಸ್ತರು ಬೈದಾಗ ಅವರ ಮುಖ ನೋಡಲ್ಲ, ಅದನ್ನು ಸೊಕ್ಕು ಅಂದುಕೊಂಡು ಅವರು ಇನ್ನೆರಡು ಮಾತು ಹೆಚ್ಚು ಬೈಯುತ್ತಾರೆ. ಓಣಿಯಲ್ಲಿ ಅವನಿಗೆ ಮಳ್ಳ ಅಂತ ಹೆಸರು. ಮನೆಯಲ್ಲಿ ಹಟಮಾರಿ. ಹಿರಿಯರ ಪ್ರಕಾರ ಎಂಥದೋ ಗಾಳಿ ಸೋಕಿದೆ. ಹತ್ತನೇ ಕ್ಲಾಸು ಮುಟ್ಟುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರುತ್ತೋ ಇಲ್ಲವೋ ಹೇಳೋಕಾಗಲ್ಲ.

ಇಂಥ ಹುಡುಗನನ್ನು ಬೈಯದೆ, ಮಂತ್ರ ಹಾಕಿಸದೆ, ಹತ್ತಿರ ಕೂತು ನೋಡಿ, ಕಂಡದ್ದನ್ನು ವಿವರವಾಗಿ ಬರೆದವರಲ್ಲಿ ಮೊದಲಿಗರು ಯಾರು? ಇವತ್ತು ನಾವು ಆಟಿಸಂ ಅಥವಾ ಸ್ವಲೀನತೆ ಅಂತ ಕರೆಯುವ ಸ್ಥಿತಿಯ ಚರಿತ್ರೆ ಹುಡುಕಿದರೆ ಎರಡು ಹೆಸರು ಮೊದಲು ಸಿಗುತ್ತವೆ. ಒಬ್ಬರು ಅಮೆರಿಕದ ಲಿಯೋ ಕ್ಯಾನರ್, 1943ರಲ್ಲಿ ಬರೆದವರು. ಇನ್ನೊಬ್ಬರು ವಿಯೆನ್ನಾದ ಹಾನ್ಸ್ ಆಸ್ಪರ್ಗರ್, 1944ರಲ್ಲಿ ಬರೆದವರು. ಇಬ್ಬರಿಗಿಂತಲೂ ಸುಮಾರು ಎರಡು ದಶಕ ಮುಂಚೆ, 1925ರಲ್ಲಿ, ಮಾಸ್ಕೋದ ಒಬ್ಬ ಡಾಕ್ಟರ್ ಆ ಕೆಲಸ ಮಾಡಿ ಅಚ್ಚು ಹಾಕಿಸಿದ್ದರು. ಅವರ ಹೆಸರು ಗ್ರುನ್ಯಾ ಎಫಿಮೊವ್ನಾ ಸುಖರೆವಾ. ರಷ್ಯಾದ ಮಕ್ಕಳ ಮನೋವೈದ್ಯರಿಗೆ ದೊಡ್ಡ ಹೆಸರು. ಹೊರಗಿನ ಜಗತ್ತಿಗೆ ಬಹುಕಾಲ ಹೆಸರೇ ಅಲ್ಲ.

ಒಬ್ಬ ಡಾಕ್ಟರಿಗೆ ಸಿಗಬೇಕಾದ ಕೀರ್ತಿ ಸಿಗಲಿಲ್ಲ ಅನ್ನೋದಷ್ಟೇ ಆಗಿದ್ದರೆ ಈ ಕತೆ ಇಲ್ಲಿ ಬೇಕಿರಲಿಲ್ಲ. ಯಾರ ಕಣ್ಣಿಂದ ನಾವು ಮಕ್ಕಳನ್ನು ನೋಡ್ತೀವಿ, ಆ ಕಣ್ಣು ಎಲ್ಲಿಂದ ಬಂತು, ಬೇರೆ ಕಣ್ಣು ಸಾಧ್ಯವಿತ್ತಾ ಅನ್ನುವ ಪ್ರಶ್ನೆ ಇದರಲ್ಲಿದೆ.

ಬಾಗಿಲು ಮುಚ್ಚುವ ಕೋಟಾ

ಸುಖರೆವಾ ಹುಟ್ಟಿದ್ದು 1891ರ ನವೆಂಬರ್ 11ರಂದು, ಕೀವ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ಆಗ ಕೀವ್ ರಷ್ಯಾದ ಝಾರ್ ದೊರೆಗಳ ಸಾಮ್ರಾಜ್ಯದಲ್ಲಿತ್ತು. ಯಹೂದಿಗಳು ಎಲ್ಲಿ ಬೇಕೋ ಅಲ್ಲಿ ವಾಸ ಮಾಡುವ ಹಾಗಿರಲಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅವರಿಗೆ ಕೋಟಾ ಇತ್ತು. ನಮ್ಮಲ್ಲಿ ಕೋಟಾ ಅಂದರೆ ಮುಚ್ಚಿದ ಬಾಗಿಲು ತೆರೆಯುವ ಸಾಧನ. ಅಲ್ಲಿ ಅದು ಪೂರ್ತಿ ಉಲ್ಟಾ: ಯಹೂದಿಗಳು ಇಷ್ಟೇ ಶೇಕಡಾ, ಅದರ ಮೇಲೆ ಒಬ್ಬರೂ ಬೇಡ ಅನ್ನುವ ತಡೆಗೋಡೆ. ಅದರ ಮೇಲೆ ಅವರು ಹೆಣ್ಣುಮಗಳು. ವಿಶ್ವವಿದ್ಯಾಲಯಗಳ ಮುಖ್ಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಹಾಗಾಗಿ ಕೀವ್‌ನ ಮಹಿಳಾ ವೈದ್ಯಕೀಯ ಸಂಸ್ಥೆಯಲ್ಲಿ ಓದಿ 1915ರಲ್ಲಿ ಡಾಕ್ಟರ್ ಆದರು.

1915 ಅಂದರೆ ಮೊದಲ ಮಹಾಯುದ್ಧದ ನಡುಮಧ್ಯ. ಎರಡು ವರ್ಷಕ್ಕೆ ಕ್ರಾಂತಿ, ಅದರ ಬೆನ್ನಿಗೆ ಅಂತರ್ಯುದ್ಧ. 1917ರಿಂದ 1921ರವರೆಗೆ ಸುಖರೆವಾ ಕೀವ್‌ನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಆ ನಾಲ್ಕು ವರ್ಷದಲ್ಲಿ ಊರು ಎಷ್ಟೋ ಸಲ ಕೈಬದಲಾಯಿತು. ಇವತ್ತು ಒಂದು ಸೇನೆ, ನಾಳೆ ಇನ್ನೊಂದು. 1919ರಲ್ಲಿ ಉಕ್ರೇನಿನ ಊರೂರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದು ಸಾವಿರಾರು ಜನ ಸತ್ತರು. ಮನಸ್ಸಿಗೆ ಪೆಟ್ಟು ಬೀಳೋದು ಅಂದರೆ ಏನು ಅನ್ನೋದನ್ನು ಅವರು ಪುಸ್ತಕದಲ್ಲಿ ಓದಿ ಕಲಿಯಬೇಕಾಗಿರಲಿಲ್ಲ.

1921ರಲ್ಲಿ ಅವರು ಮಾಸ್ಕೋಗೆ ಬಂದರು. ವೋಲ್ಗಾ ಪ್ರದೇಶದಲ್ಲಿ ಭೀಕರ ಬರ. ಯುದ್ಧ, ಜ್ವರ, ಹಸಿವು ಸೇರಿ ಲಕ್ಷಾಂತರ ಮಕ್ಕಳನ್ನು ಅನಾಥ ಮಾಡಿದ್ದವು. ರೈಲ್ವೆ ಸ್ಟೇಷನ್ನುಗಳಲ್ಲಿ ಗುಂಪು ಗುಂಪಾಗಿ ಮಲಗುತ್ತಿದ್ದ ಮಕ್ಕಳನ್ನು ಏನು ಮಾಡಬೇಕು ಅನ್ನೋದು ಹೊಸ ಸರ್ಕಾರದ ಮುಂದಿದ್ದ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರವಾಗಿ ಹುಟ್ಟಿದ ಸಂಸ್ಥೆಗಳಲ್ಲಿ ಒಂದು, ಮಕ್ಕಳ ಮನೋ-ನರರೋಗ ವಿಭಾಗ. ಅದಕ್ಕೆ ಅಂಟಿಕೊಂಡೇ ಒಂದು ಶಾಲೆ. ಅರ್ಧ ಆಸ್ಪತ್ರೆ, ಅರ್ಧ ಶಾಲೆಯಾಗಿದ್ದ ಆ ಜಾಗವನ್ನು ಕಟ್ಟಿದವರು ಸುಖರೆವಾ. ಆಗ ಅವರಿಗೆ ಮೂವತ್ತು ವರ್ಷ.

ಹನ್ನೆರಡು ವರ್ಷದ ಹುಡುಗ

1924ರಲ್ಲಿ ಅಲ್ಲಿಗೆ ಒಬ್ಬ ಹನ್ನೆರಡು ವರ್ಷದ ಹುಡುಗನನ್ನು ಕರೆತಂದರು. ಸಣಕಲು ಮೈ, ಬಾಗಿದ ಬೆನ್ನು, ನಿಧಾನವಾದ ಒಡ್ಡೊಡ್ಡು ನಡಿಗೆ. ಐದನೇ ವಯಸ್ಸಿಗೇ ತಾನಾಗಿ ಓದೋದು ಕಲಿತಿದ್ದ. ಆಟದ ಸಾಮಾನು ಬೇಡ, ಸಿಕ್ಕಿದ್ದೆಲ್ಲ ಓದಬೇಕು. ಓರಗೆಯ ಹುಡುಗರು ಬೇಡ, ದೊಡ್ಡವರ ಜೊತೆ ಕೂತು ದೊಡ್ಡ ದೊಡ್ಡ ವಿಷಯ ಚರ್ಚೆ ಮಾಡಬೇಕು. ಆಗಾಗ ಗಾಬರಿ, ಆಗಾಗ ಹೊಟ್ಟೆನೋವು.

ಅವನನ್ನು ಬೇಗ ಒಂದು ಪಟ್ಟಿಗೆ ಸೇರಿಸಿ ಫೈಲು ಮುಚ್ಚಬಹುದಿತ್ತು. ಸುಖರೆವಾ ಹಾಗೆ ಮಾಡಲಿಲ್ಲ. ಅವನು ಬುದ್ಧಿವಂತ ಅನ್ನೋದನ್ನು ಗುರುತಿಸಿದರು. ಅವನು ತನ್ನೊಳಗೇ ಸರಿದುಕೊಳ್ಳುವ ಬಗೆಯನ್ನು ಸೂಚಿಸೋಕೆ ಆಟಿಸ್ಟಿಕ್ ಅನ್ನುವ ವಿಶೇಷಣ ಬಳಸಿದರು. ಆ ಶಬ್ದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಓಯ್ಗನ್ ಬ್ಲಾಯ್ಲರ್ ಅದಕ್ಕೂ ಮೊದಲೇ, ಸ್ಕಿಜೋಫ್ರೇನಿಯಾದ ರೋಗಿಗಳ ಬಗ್ಗೆ ಬರೆಯುವಾಗ ಹುಟ್ಟುಹಾಕಿದ್ದರು. ಸುಖರೆವಾ ಅದನ್ನು ಬೆಳೆಯುತ್ತಿರುವ ಹುಡುಗರ ಸ್ವಭಾವ ವಿವರಿಸಲು ತಂದರು.

ಮುಂದೆ ಇಂಥವೇ ಲಕ್ಷಣಗಳಿದ್ದ ಇನ್ನೂ ಐದು ಹುಡುಗರು ಸಿಕ್ಕರು. ಒಬ್ಬ ಪಿಟೀಲಿನಲ್ಲಿ ಎತ್ತಿದ ಕೈ, ಆದರೆ ಜನರ ನಡುವೆ ಪರದಾಡುತ್ತಿದ್ದ. ಇನ್ನೊಬ್ಬನಿಗೆ ಅಂಕಿಗಳೆಲ್ಲ ನೆನಪಿರುತ್ತಿದ್ದವು, ಮುಖಗಳು ಮಾತ್ರ ಗುರುತು ಹತ್ತುತ್ತಿರಲಿಲ್ಲ. ಮತ್ತೊಬ್ಬನ ಗೆಳೆಯರೆಲ್ಲ ಅವನ ಕಲ್ಪನೆಯವರು, ಮನೆಯ ಅಗ್ಗಿಷ್ಟಿಕೆಯಲ್ಲಿ ವಾಸ ಮಾಡುವವರು. ಬೇರೆ ಮಕ್ಕಳ ಗದ್ದಲ ತನ್ನ ಯೋಚನೆಗೆ ಅಡ್ಡ ಬರುತ್ತೆ ಅಂತ ದೂರಿದವನೂ ಇದ್ದ. ಸದ್ದು, ವಾಸನೆ ಸಹಿಸೋಕಾಗದಿರೋದು, ಮುಖದಲ್ಲಿ ಭಾವನೆ ಕಾಣದಿರೋದು, ಒಂದೇ ವಿಷಯಕ್ಕೆ ಅಂಟಿಕೊಳ್ಳೋದು, ದಿನಚರಿ ಬದಲಾದರೆ ಕಂಗೆಡೋದು, ಕೈಕಾಲಿನ ಚಲನೆ ಸಲೀಸಾಗಿ ಇಲ್ಲದಿರೋದು, ಇವೆಲ್ಲವನ್ನೂ ಅವರು ಬರೆದಿಟ್ಟರು.

1925ರಲ್ಲಿ ರಷ್ಯನ್ ಭಾಷೆಯಲ್ಲಿ, 1926ರಲ್ಲಿ ಜರ್ಮನ್ ಭಾಷೆಯಲ್ಲಿ ಈ ಆರು ಹುಡುಗರ ವಿವರ ಪ್ರಕಟವಾಯಿತು. 1927ರಲ್ಲಿ ಹುಡುಗಿಯರ ಬಗ್ಗೆಯೂ ಬರೆದರು, ಹುಡುಗರಲ್ಲಿ ಕಾಣುವ ಹಾಗೇ ಹುಡುಗಿಯರಲ್ಲಿ ಇದು ಕಾಣಲ್ಲ ಅನ್ನೋದನ್ನು ತೋರಿಸಿದರು. ಹುಡುಗಿಯರ ಆಟಿಸಂ ಡಾಕ್ಟರುಗಳ ಕಣ್ಣು ತಪ್ಪಿಸಿಕೊಳ್ಳುತ್ತೆ ಅಂತ ಇವತ್ತು ಪಶ್ಚಿಮದಲ್ಲಿ ದೊಡ್ಡ ಚರ್ಚೆ ನಡೀತಿದೆ. ಸುಮ್ಮನಿರುವ ಹುಡುಗಿ ಒಳ್ಳೆಯ ಹುಡುಗಿ ಅನ್ನುವ ನಮ್ಮ ಊರುಗಳಲ್ಲಿ ಆ ಚರ್ಚೆ ಇನ್ನೂ ಶುರುವಾಗಬೇಕಿದೆ.

ಅವರ ಶಾಲೆಯಲ್ಲಿ ಚಿಕಿತ್ಸೆ ಅಂದರೆ ಏನಿತ್ತು? ವ್ಯಾಯಾಮ, ಚಿತ್ರ ಬರೆಯೋದು, ಮರಗೆಲಸ. ಕೈಕಾಲಿಗೆ ಹಿಡಿತ ಬರಲಿ, ಇನ್ನೊಬ್ಬರ ಜೊತೆ ಕೂತು ಒಂದು ಕೆಲಸ ಮುಗಿಸೋದು ಅಭ್ಯಾಸವಾಗಲಿ ಅನ್ನೋದು ಉದ್ದೇಶ. ಅಲ್ಲಿದ್ದ ಕೆಲವರು ಮುಂದೆ ಸಾಮಾನ್ಯ ಶಾಲೆಗೆ ಹೋದರು. ಗಮನಿಸಿ: ಮೆದುಳಿನ ಸ್ಕ್ಯಾನ್ ಇಲ್ಲದ ಕಾಲ, ದೇಶಕ್ಕೆ ತಿನ್ನೋಕೆ ಸರಿಯಾಗಿ ಗತಿಯಿಲ್ಲದ ಕಾಲ. ಅವರ ಹತ್ತಿರ ಇದ್ದದ್ದು ಸಮಯ, ಒಂದು ಶಾಲೆ, ಮತ್ತು ಡಾಕ್ಟರ್-ಶಿಕ್ಷಕರು ಒಂದೇ ಸೂರಿನಡಿ ಕೆಲಸ ಮಾಡುವ ಏರ್ಪಾಡು.

ತಾಯಿಯನ್ನು ದೂರಲಿಲ್ಲ

ಸುಖರೆವಾ ಹೇಳಿದ ಇನ್ನೊಂದು ಮಾತು ಇವತ್ತಿಗೂ ಮುಖ್ಯ. ಇದು ಹುಟ್ಟಿನಿಂದ ಬಂದದ್ದು, ಇದರ ಬೇರು ಮೆದುಳಿನಲ್ಲಿದೆ ಅಂತ ಅವರು ವಾದಿಸಿದರು. ಮೆದುಳಿನ ಯಾವ ಭಾಗಗಳು ಇದರಲ್ಲಿ ಸೇರಿರಬಹುದು ಅಂತಲೂ ಊಹಿಸಿ ಹೆಸರಿಸಿದರು. ಸೆರೆಬೆಲ್ಲಂ ಅಂದರೆ ಕಿರುಮೆದುಳು, ಮೆದುಳಿನ ಮುಂಭಾಗ ಎರಡೂ ಅದರಲ್ಲಿದ್ದವು. ದಶಕಗಳ ನಂತರದ ಸಂಶೋಧನೆ ಸುತ್ತಿ ಬಳಸಿ ಅದೇ ಭಾಗಗಳ ಹತ್ತಿರ ಬಂತು.

ಅಮೆರಿಕ, ಯುರೋಪುಗಳಲ್ಲಿ ಆದದ್ದೇ ಬೇರೆ. ಕ್ಯಾನರ್ ಶುರುವಿನಲ್ಲಿ ಇದು ಹುಟ್ಟಿನಿಂದಲೇ ಬಂದದ್ದು ಅಂದಿದ್ದರೂ, ಮುಂದೆ ಹೆತ್ತವರ ತಣ್ಣನೆಯ ಸ್ವಭಾವದ ಕಡೆ ಬೆರಳು ತೋರಿಸಿದರು. ಬ್ರೂನೋ ಬೆಟಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಅದನ್ನು ಪೂರ್ತಿ ಸಿದ್ಧಾಂತವನ್ನೇ ಮಾಡಿದರು. ತಾಯಿ ಪ್ರೀತಿ ಕೊಡದ್ದಕ್ಕೆ ಮಗು ಹೀಗಾಯಿತು ಅನ್ನುವ ಆರೋಪ ಹೊತ್ತು ಒಂದು ತಲೆಮಾರಿನ ತಾಯಂದಿರು ನರಳಿದರು.

ಆ ಸಿದ್ಧಾಂತ ಪಶ್ಚಿಮದಲ್ಲಿ ಸತ್ತು ಬಹಳ ಕಾಲವಾಯಿತು. ಘಟಪ್ರಭಾ ದಂಡೆಯಲ್ಲಿ ಬೇರೆ ವೇಷದಲ್ಲಿ ಬದುಕಿದೆ. ಬಸುರಿದ್ದಾಗ ಗ್ರಹಣ ನೋಡಿದ್ದಳಂತೆ. ಮೊಬೈಲ್ ಕೊಟ್ಟು ಕೆಡಿಸಿದಳಂತೆ. ಕೆಲಸಕ್ಕೆ ಹೋಗ್ತಾಳೆ, ಮಗುವಿನ ಕಡೆ ಗಮನ ಇಲ್ಲವಂತೆ. ಹೇಗೆ ಹೇಳಿದರೂ ಕೊನೆಗೆ ತಪ್ಪು ಅವ್ವಂದೇ. ಆ ಆಪಾದನೆಗೆ ವಿಜ್ಞಾನದ ಬೆಂಬಲ ಇಲ್ಲ ಅನ್ನೋದಕ್ಕೆ ದಾರಿ ನೂರು ವರ್ಷದ ಹಿಂದೆಯೇ ಬಿದ್ದಿತ್ತು.

ಹೆಸರು ಅಳಿದದ್ದು ಹೇಗೆ

ಇಷ್ಟೆಲ್ಲ ಮಾಡಿದವರು ಮರೆತುಹೋದದ್ದು ಹೇಗೆ? ಒಂದು ಕಾರಣ ಭಾಷೆ. ರಷ್ಯನ್ ಬರಹವನ್ನು ಹೊರಗಿನವರು ಓದುತ್ತಿರಲಿಲ್ಲ. ಜರ್ಮನ್ ಲೇಖನದಲ್ಲಿ ಅವರ ಹೆಸರಿನ ಕಾಗುಣಿತವೇ ಬೇರೆ ಥರ ಅಚ್ಚಾಗಿತ್ತು. ಎರಡನೇ ಕಾರಣ ಪರಿಭಾಷೆ. ಆ ಕಾಲದ ರೂಢಿಯಂತೆ ಅವರು ಇದನ್ನು ಸ್ಕಿಜಾಯ್ಡ್ ಸೈಕೋಪತಿ ಅಂತ ಕರೆದಿದ್ದರು. ಇವತ್ತು ಕೇಳಿದರೆ ಬೆಚ್ಚಿಬೀಳುವಂಥ ಹೆಸರು. ಮುಂದೆ ತಾವೇ ಅದನ್ನು ಬಿಟ್ಟು ಆಟಿಸ್ಟಿಕ್ ಅನ್ನುವ ಹೆಸರಿಗೆ ಬಂದರು. ಮೂರನೇ ಕಾರಣ ರಾಜಕೀಯ. ಮೊದಲು ನಾಜಿ ಜರ್ಮನಿ, ಆಮೇಲೆ ಶೀತಲ ಸಮರ. ಮಾಸ್ಕೋದ ಒಬ್ಬ ಯಹೂದಿ ಮಹಿಳೆಯ ಕೆಲಸವನ್ನು ಉಲ್ಲೇಖಿಸೋದು ಯಾವ ಕಡೆಯವರಿಗೂ ಸಲೀಸಾಗಿರಲಿಲ್ಲ.

ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಆಸ್ಪರ್ಗರ್ ಬೆಳೆದರು. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಸೇರಿತು. ಯಹೂದಿ ವೈದ್ಯರು ಕೆಲಸ ಕಳೆದುಕೊಂಡರು, ಆಸ್ಪರ್ಗರ್ ಉಳಿದರು. ಬಹುಕಾಲ ಅವರನ್ನು ನಾಜಿಗಳಿಂದ ಮಕ್ಕಳನ್ನು ಕಾಪಾಡಿದ ಪುಣ್ಯಾತ್ಮ ಅಂತ ಹೊಗಳಲಾಯಿತು. 2018ರಲ್ಲಿ ಚರಿತ್ರೆಕಾರ ಹೆರ್ವಿಗ್ ಚೆಕ್ ಹಳೆಯ ಕಡತಗಳನ್ನು ತೆಗೆದು ಬೇರೆಯದನ್ನೇ ತೋರಿಸಿದರು. ವಿಯೆನ್ನಾದ ಆಮ್ ಸ್ಪೀಗಲ್‌ಗ್ರುಂಡ್ ಅನ್ನುವ ಕೇಂದ್ರದಲ್ಲಿ ನಾಜಿಗಳ ಕಾಲದಲ್ಲಿ ಸುಮಾರು 800 ಮಕ್ಕಳು ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳನ್ನು ಅಂಗವೈಕಲ್ಯದ ಕಾರಣಕ್ಕೇ ಕೊಲ್ಲಲಾಗಿತ್ತು. ಅಲ್ಲಿಗೆ ಮಕ್ಕಳನ್ನು ಕಳಿಸಿದ ಕಾಗದಗಳಲ್ಲಿ ಆಸ್ಪರ್ಗರ್ ಸಹಿಯೂ ಇತ್ತು.

ಆಸ್ಪರ್ಗರ್ 1980ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 1981ರ ಏಪ್ರಿಲ್‌ನಲ್ಲಿ, ಒಂದೇ ತಿಂಗಳಲ್ಲಿ, ಅಮೆರಿಕದಲ್ಲಿ ಕ್ಯಾನರ್, ಮಾಸ್ಕೋದಲ್ಲಿ ಸುಖರೆವಾ ತೀರಿಕೊಂಡರು. ಸುಖರೆವಾಗೆ ಆಗ 89 ವರ್ಷ. ಅದೇ 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ತಮ್ಮ ಲೇಖನದ ಮೂಲಕ ಆಸ್ಪರ್ಗರ್ ಸಿಂಡ್ರೋಮ್ ಅನ್ನುವ ಹೆಸರನ್ನು ಜಗತ್ತಿನ ಬಾಯಲ್ಲಿ ಕೂರಿಸಿದರು. ಮೊದಲು ನೋಡಿದವರು ಮಣ್ಣಾದ ವರ್ಷವೇ ಇನ್ನೊಬ್ಬರ ಹೆಸರಿಗೆ ಕಿರೀಟ ಸಿಕ್ಕಿತು.

1996ರಲ್ಲಿ ಮಕ್ಕಳ ಮನೋವೈದ್ಯೆ ಸೂಲಾ ವುಲ್ಫ್ ಸುಖರೆವಾ ಅವರ ಲೇಖನವನ್ನು ಇಂಗ್ಲಿಷಿಗೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರ್ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಂ ಅನ್ನುವ ಒಂದೇ ಹೆಸರಿನಡಿ ತಂದಿತು. 2015ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕಿಯರು ಆ ಕೈಪಿಡಿಯ ಲಕ್ಷಣಗಳ ಪಕ್ಕ ಸುಖರೆವಾ ಬರೆದ ಲಕ್ಷಣಗಳನ್ನು ಇಟ್ಟು ನೋಡಿದರು. ಸಾಲಿಗೆ ಸಾಲು ಹೊಂದುತ್ತಿತ್ತು.

ಅವರೂ ದೇವರಲ್ಲ

ಹಾಗಂತ ಸುಖರೆವಾ ಅವರ ಫೋಟೊಗೆ ಹಾರ ಹಾಕಿ ಕೈಮುಗಿಯಬೇಕಿಲ್ಲ. ಅವರ ಉಳಿದ ಬದುಕು ಸ್ಟಾಲಿನ್ ಮತ್ತು ನಂತರದ ಸೋವಿಯತ್ ವ್ಯವಸ್ಥೆಯ ಒಳಗೇ ಕಳೆಯಿತು. 1933ರಿಂದ 1935ರವರೆಗೆ ಖಾರ್ಕಿವ್‌ನಲ್ಲಿ ಮನೋವೈದ್ಯ ವಿಭಾಗ ನಡೆಸಿದರು. 1935ರಲ್ಲಿ ಮಾಸ್ಕೋದಲ್ಲಿ ವೈದ್ಯರ ಉನ್ನತ ತರಬೇತಿ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಸ್ಥಾಪಿಸಿದರು. ಅದರ ಮರುವರ್ಷವೇ ಮಕ್ಕಳ ಬೆಳವಣಿಗೆಯನ್ನು ಅಳೆದು ಅಧ್ಯಯನ ಮಾಡುವ ಪೆಡಾಲಜಿ ಅನ್ನುವ ಇಡೀ ಶಾಸ್ತ್ರವನ್ನು ಸರ್ಕಾರ ಒಂದು ಆದೇಶದಲ್ಲಿ ರದ್ದು ಮಾಡಿತು. ಅಂಥ ವಾತಾವರಣದಲ್ಲೂ ಅವರು ಕೆಲಸ ನಿಲ್ಲಿಸಲಿಲ್ಲ. 150ಕ್ಕೂ ಹೆಚ್ಚು ಲೇಖನ ಬರೆದರು. 1955ರಿಂದ 1965ರ ನಡುವೆ ಮೂರು ಸಂಪುಟಗಳಲ್ಲಿ ಬಂದ ಅವರ ಉಪನ್ಯಾಸಗಳನ್ನು ಓದಿ ಅಲ್ಲಿನ ಮಕ್ಕಳ ಮನೋವೈದ್ಯರ ತಲೆಮಾರುಗಳೇ ಬೆಳೆದವು. ಮಾಸ್ಕೋದ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಇವತ್ತು ಅವರದೇ ಹೆಸರಿದೆ.

ಆದರೆ ಅದೇ ದೇಶ ಅಂಗವೈಕಲ್ಯ ಇರುವ ಸಾವಿರಾರು ಮಕ್ಕಳನ್ನು ಮನೆಯಿಂದ ದೂರದ ಸರ್ಕಾರಿ ನಿಲಯಗಳಲ್ಲಿ ತುಂಬಿತು. ಮುಂದೆ ಅಲ್ಲಿನ ಮನೋವೈದ್ಯಶಾಸ್ತ್ರ ಸರ್ಕಾರವನ್ನು ಟೀಕಿಸಿದವರನ್ನು ಹುಚ್ಚರೆಂದು ಕೂಡಿಹಾಕುವ ಆಯುಧವೂ ಆಯಿತು. ಒಬ್ಬ ಡಾಕ್ಟರ್ ಎಷ್ಟು ಚೆನ್ನಾಗಿ ನೋಡಿದರೂ, ನೋಡಿದ್ದನ್ನು ಪ್ರಭುತ್ವ ಏನು ಮಾಡುತ್ತೆ ಅನ್ನೋದು ಬೇರೆಯೇ ಪ್ರಶ್ನೆ. ಆ ಪ್ರಶ್ನೆ ಕೇಳಬೇಕಾದವರು ಜನ.

ನಮ್ಮ ತಾಲೂಕಿನಲ್ಲಿ ಕೇಳಬೇಕಾದ್ದು

ಕಾನೂನು ನಮ್ಮಲ್ಲೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದು ಗುರುತಿಸುವ 21 ಬಗೆಯ ಅಂಗವೈಕಲ್ಯದಲ್ಲಿ ಆಟಿಸಂ ಕೂಡ ಒಂದು. ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಶಿಕ್ಷಣ 14ನೇ ವಯಸ್ಸಿಗೆ ಮುಗಿಯುತ್ತೆ. ಈ ಕಾಯ್ದೆಯಲ್ಲಿ ಮಾತ್ರ, ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವ ಮಗುವಿಗೆ 18 ವರ್ಷದವರೆಗೂ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಅಂದರೆ ನಮ್ಮ ಕೊನೆ ಬೆಂಚಿನ ಹುಡುಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟರೆ ಅದು ಅವನ ಹಣೆಬರಹ ಅಲ್ಲ. ಅವನ ಹಕ್ಕನ್ನು ಯಾರೋ ಕೊಟ್ಟಿಲ್ಲ ಅಂತ ಅರ್ಥ.

ಹಕ್ಕು ಸಿಗಬೇಕಾದರೆ ಮೊದಲು ಗುರುತಿಸಬೇಕು. ಇದೇ ಕಾಯ್ದೆಯ 17ನೇ ಕಲಂ ಪ್ರಕಾರ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ ಅಂಗವೈಕಲ್ಯ ಇರುವವರನ್ನು ಗುರುತಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ತಾಲೂಕಿನ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ತುಂಬಿ ಅಂತ ರಾಜ್ಯಗಳಿಗೆ ಹೇಳಿದೆ.

ಕಾಗದದ ಮೇಲೆ ಇದೆಲ್ಲ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ಮೂರಕ್ಕೂ ಒಂದೊಂದು ಬಿಇಒ ಕಚೇರಿ ಇದೆ. ನಿಮ್ಮ ತಾಲೂಕಿನಲ್ಲಿ ಆ ಸಮೀಕ್ಷೆ ಕೊನೆಯದಾಗಿ ಯಾವಾಗ ಆಯಿತು? ಹೈಸ್ಕೂಲುಗಳಲ್ಲಿ ಆಟಿಸಂ ಅಂತ ದಾಖಲಾದ ಮಕ್ಕಳು ಎಷ್ಟು? ಅವರಲ್ಲಿ ಹುಡುಗಿಯರೆಷ್ಟು? ಸಂಪನ್ಮೂಲ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು? ಈ ನಾಲ್ಕು ಪ್ರಶ್ನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಕೆ ಹತ್ತು ರೂಪಾಯಿ ಸಾಕು. ಉತ್ತರದಲ್ಲಿ ಸೊನ್ನೆ ಅಂತ ಬಂದರೆ ಮಕ್ಕಳೇ ಇಲ್ಲ ಅಂತ ನಂಬಬೇಡಿ. ಯಾರೂ ನೋಡಿಲ್ಲ ಅಂತ ಓದಿಕೊಳ್ಳಿ.

ಇದಕ್ಕೆಲ್ಲ ದುಡ್ಡೆಲ್ಲಿದೆ, ಇದೆಲ್ಲ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಜಾಗದ ಕೆಲಸ ಅಂತ ಹೇಳುವವರು ಇರ್ತಾರೆ. ಗೋಕಾಕದಿಂದ ಬೆಂಗಳೂರು ಒಂದು ರಾತ್ರಿಯ ಬಸ್ಸಿನ ದಾರಿ. ಸದ್ದು ಸಹಿಸದ ಮಗುವನ್ನು, ದಿನಗೂಲಿ ಬಿಟ್ಟ ಅಪ್ಪ ಅವ್ವ ಎಷ್ಟು ಸಲ ಅಲ್ಲಿಗೆ ಕರಕೊಂಡು ಹೋಗೋಕಾಗುತ್ತೆ? ಪ್ರಮಾಣಪತ್ರಕ್ಕೆ ದೊಡ್ಡಾಸ್ಪತ್ರೆಯ ವೈದ್ಯರ ಮಂಡಳಿ ಬೇಕು, ಸರಿ. ದಿನದಿನದ ಕೆಲಸ ಆಗಬೇಕಾದ್ದು ಊರಿನ ಶಾಲೆಯಲ್ಲೇ.

ಆ ಕೆಲಸಕ್ಕೆ ಬೇಕಾದ್ದು ನಮ್ಮಲ್ಲಿ ಇಲ್ಲದ್ದೇನಲ್ಲ. ಹುಕ್ಕೇರಿಯ ಜನ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿಗಳಿಗೆ ಕರೆಂಟ್ ಹಂಚಿದವರು. ಗೋಕಾಕದಲ್ಲಿ ಮರದ ಆಟಿಕೆ, ಮರದ ಹಣ್ಣು ಮಾಡಿ ಬಣ್ಣ ಹಚ್ಚುವ ಕುಶಲಕರ್ಮಿಗಳ ಹಳೆಯ ಪರಂಪರೆ ಇದೆ. ಮಾಸ್ಕೋದಲ್ಲಿ ನೂರು ವರ್ಷದ ಹಿಂದೆ ಸುಖರೆವಾ ತಮ್ಮ ಹುಡುಗರ ಕೈಗೆ ಕೊಟ್ಟದ್ದು ಅಂಥದೇ ಮರ, ಉಳಿ, ಕುಂಚ. ಜೊತೆಗೆ ಸಮಯ ಕೊಟ್ಟರು. ಬೈಗುಳ ಕೊಡಲಿಲ್ಲ.

ನಾಳೆ ಬೆಳಿಗ್ಗೆ ಆ ಹುಡುಗ ಮತ್ತೆ ಶಾಲೆಗೆ ಬರ್ತಾನೆ. ಗಂಟೆ ಹೊಡೆದಾಗ ಕಿವಿ ಮುಚ್ಚಿಕೊಳ್ತಾನೆ. ಅವನ ಪಕ್ಕ ಹೋಗಿ ಕೂತು, ಬೆಳಗಾವಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ ನೋಡಿ. ಆಮೇಲೆ ಅಲ್ಲಿಂದೆದ್ದು ಬಿಇಒ ಕಚೇರಿಗೆ ಹೋಗಿ ಆ ನಾಲ್ಕು ಪ್ರಶ್ನೆ ಕೇಳಿ.